ಕೈಗೆ ಒಗ್ಗಿದ ಆಯುಧ

ಕಸುಬುದಾರನಿಗೂ ಅವನ ಆಯುಧಕ್ಕೂ ಇರುವ ನಂಟು ಹೊರಗಿನವರಿಗೆ ಸುಲಭವಾಗಿ ತಿಳಿಯುವುದಿಲ್ಲ. ಬಡಗಿ ತನ್ನ ಉಳಿಯನ್ನು ಇನ್ನೊಬ್ಬನಿಗೆ ಎರವಲು ಕೊಡಲಾರ. ಮನೆಯ ಅಜ್ಜಿಗೆ ಐವತ್ತು ವರ್ಷ ಬಳಸಿದ ಈಳಿಗೆಮಣೆಯೇ ಬೇಕು. ಸೊಸೆ ತಂದ ಹೊಳೆಯುವ ಚಾಕುವಿನಿಂದ ಹೆಚ್ಚಿದರೆ ಪಲ್ಯಕ್ಕೆ ರುಚಿಯೇ ಬಾರದೆಂದು ಅವರ ವಾದ. ತರಕಾರಿಯ ಮಟ್ಟಿಗೆ ಇದು ನಗುವ ವಿಷಯ. ಆಯುಧದ ತುದಿಯಲ್ಲಿ ಮನುಷ್ಯನ ಪ್ರಾಣವೇ ತೂಗುತ್ತಿರುವಾಗ ಅದೇ ಒಲವನ್ನು ನಗೆಯಾಡಿ ಬಿಡುವಂತಿಲ್ಲ.

ಇಂಗ್ಲೆಂಡ್, ಅಮೆರಿಕಗಳಲ್ಲಿ ಆಂಬುಲೆನ್ಸಿನೊಡನೆ ಧಾವಿಸುವ ಪ್ಯಾರಾಮೆಡಿಕ್‌ಗಳ ಒಲವು ಇಂತಹದು. ಅವರು ವೈದ್ಯರಲ್ಲ, ಆದರೆ ಆಸ್ಪತ್ರೆ ಸೇರುವವರೆಗಿನ ನಿಮಿಷಗಳಲ್ಲಿ ರೋಗಿಗೆ ಅವರೇ ದಿಕ್ಕು. ಎಚ್ಚರ ತಪ್ಪಿದವನ ನಾಲಗೆ ಹಿಂದಕ್ಕೆ ಜಾರಿ ಉಸಿರಿನ ದಾರಿಯನ್ನು ಮುಚ್ಚುತ್ತದೆ. ಹೊಟ್ಟೆಯಲ್ಲಿದ್ದುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಇವೆರಡನ್ನೂ ತಡೆಯಲು ಬಾಯಿಯ ಮೂಲಕ, ಧ್ವನಿತಂತುಗಳ ನಡುವಿನಿಂದ, ಶ್ವಾಸನಾಳಕ್ಕೆ ನಳಿಗೆಯೊಂದನ್ನು ಇಳಿಸುತ್ತಾರೆ. ಹೇಳಲು ಒಂದು ವಾಕ್ಯ. ಮಾಡಲು ಒಂದು ಸಾಧನೆ. ಶ್ವಾಸನಾಳದ ಬೆನ್ನಿಗೇ ಅನ್ನನಾಳವಿದೆ. ನಳಿಗೆ ತಪ್ಪಿ ಅದರೊಳಕ್ಕೆ ಹೋಗಿ, ಅದು ಯಾರ ಗಮನಕ್ಕೂ ಬಾರದಿದ್ದರೆ, ಗಾಳಿಯೆಲ್ಲ ಹೊಟ್ಟೆಯ ಪಾಲು, ರೋಗಿ ಮೃತ್ಯುವಿನ ಪಾಲು.

ಈ ಇಕ್ಕಟ್ಟಾದ ದ್ವಾರವನ್ನು ಮೊದಲು ಚೆನ್ನಾಗಿ ಕಂಡು ಲೋಕಕ್ಕೆ ತಿಳಿಸಿದವನು ಒಬ್ಬ ಸಂಗೀತದ ಮೇಷ್ಟ್ರು ಎಂಬುದು ಸ್ವಾರಸ್ಯದ ಸಂಗತಿ. ಸ್ಪೇನ್ ದೇಶದ ಗಾಯನಗುರು ಮ್ಯಾನ್ಯುಯೆಲ್ ಗಾರ್ಸಿಯ, ಸ್ವರ ಹುಟ್ಟುವ ಬಗೆಯನ್ನು ಅರಿಯಬೇಕೆಂದು, ೧೮೫೪ರಲ್ಲಿ ದಂತವೈದ್ಯರ ಪುಟ್ಟ ಕನ್ನಡಿಯನ್ನು ತನ್ನ ಗಂಟಲಲ್ಲಿ ಹಿಡಿದು, ಬಿಸಿಲನ್ನು ಅದರ ಮೇಲೆ ತಿರುಗಿಸಿ ನೋಡಿದ. ೧೮೯೫ರಲ್ಲಿ ಬರ್ಲಿನ್ನಿನ ಆಲ್ಫ್ರೆಡ್ ಕರ್ಸ್ಟೈನ್ ಕನ್ನಡಿಯ ಹಂಗಿಲ್ಲದೆ ನೇರವಾಗಿ ಕಾಣುವ ಉಪಾಯ ಮಾಡಿದ. ಅಲ್ಲಿಂದ ಮುಂದೆ ಬಂದವು ಇಂದಿನ ಅಲಗುಗಳು. ೧೯೪೧ರಲ್ಲಿ ಅಮೆರಿಕದ ರಾಬರ್ಟ್ ಮಿಲ್ಲರ್ ನೇರವಾದ ಅಲಗನ್ನು ಕೊಟ್ಟರು; ೧೯೪೩ರಲ್ಲಿ ಆಕ್ಸ್‌ಫರ್ಡಿನ ರಾಬರ್ಟ್ ಮ್ಯಾಕಿಂಟಾಷ್ ಬಾಗಿದ ಅಲಗನ್ನು ಕೊಟ್ಟರು. ಶ್ವಾಸನಾಳದ ಬಾಯಿಗೆ ಎಲೆಯಂತಹ ಮುಚ್ಚಳವೊಂದಿದೆ. ಮಿಲ್ಲರ್ ಅಲಗು ಆ ಮುಚ್ಚಳವನ್ನೇ ಹಿಡಿದೆತ್ತುತ್ತದೆ. ಮ್ಯಾಕಿಂಟಾಷ್ ಅಲಗು ನಾಲಗೆಯ ಬುಡದ ಸಂದಿನಲ್ಲಿ ಕೂತು, ಮುಚ್ಚಳ ತಾನಾಗಿ ಏಳುವಂತೆ ಮಾಡುತ್ತದೆ. ಎಳೆಯ ಕೂಸುಗಳಿಗೆ ನೇರವಾದುದು, ದೊಡ್ಡವರಿಗೆ ಬಾಗಿದುದು ಎಂಬುದು ಸಾಮಾನ್ಯ ವಾಡಿಕೆ. ಆದರೂ ತಾನು ಮೊದಲು ಕಲಿತ ಅಲಗನ್ನು ಬಿಟ್ಟುಕೊಡದ ಹಟವಾದಿಗಳು ಎರಡು ಪಕ್ಷಗಳಲ್ಲಿಯೂ ಇದ್ದಾರೆ.

ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಪ್ಯಾರಾಮೆಡಿಕ್‌ಗಳ ಮಟ್ಟಿಗೆ ನೆಲ ನಿಜವಾಗಿಯೂ ಡೊಂಕು. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ರೋಗಿ ಮೇಜಿನ ಮೇಲೆ, ಹೂವನ್ನು ಮೂಸುವವನಂತೆ ತಲೆಯನ್ನು ತುಸು ಮುಂದೆತ್ತಿಸಿಕೊಂಡು ಮಲಗಿರುತ್ತಾನೆ. ಅರಿವಳಿಕೆಯ ವೈದ್ಯರಿಗೆ ಎತ್ತರವೂ ಬೆಳಕೂ ಅನುಕೂಲ. ಪ್ಯಾರಾಮೆಡಿಕ್‌ಗೆ ಸಿಗುವುದು ಬಚ್ಚಲುಮನೆಯ ಮೂಲೆ, ಮಹಡಿಯ ಮೆಟ್ಟಿಲು, ಮಳೆಯಲ್ಲಿ ನೆನೆದ ರಸ್ತೆ. ಮಂಡಿಯೂರಿ ಕೂತೋ, ಹೊಟ್ಟೆಯ ಮೇಲೆ ಮಲಗಿಯೋ ಗಂಟಲೊಳಗೆ ಇಣುಕಬೇಕು. ಪಕ್ಕದಲ್ಲಿ ಮನೆಯವರ ಗೋಳು.

ಆದುದರಿಂದಲೇ ಒಬ್ಬೊಬ್ಬರ ಚೀಲದಲ್ಲಿ ಒಂದೊಂದು ನಂಬಿಕೆ. ಕೆಲವರಿಗೆ ಬೂಜಿ ಎಂಬ ಸುಮಾರು ಎರಡಡಿಯ ತೆಳುಕಡ್ಡಿ ಇಲ್ಲದೆ ಕೈಯೇ ಓಡದು. ದಾರಿ ಅರ್ಧಮರ್ಧ ಕಂಡರೂ ಸಾಕು, ಅದರ ಬಾಗಿದ ತುದಿಯನ್ನು ಒಳಗೆ ನುಗ್ಗಿಸಿ, ಶ್ವಾಸನಾಳದ ಉಂಗುರಗಳ ಮೇಲೆ ಅದು ಟಕಟಕನೆ ಉಜ್ಜುವುದನ್ನು ಬೆರಳಿನಲ್ಲಿ ಅರಿತು, ಅದರ ಮೇಲೆ ನಳಿಗೆಯನ್ನು ಜಾರಿಸುತ್ತಾರೆ. ಇನ್ನು ಕೆಲವರದು ಕ್ಯಾಮೆರಾ ಕಟ್ಟಿದ ಅಲಗಿನ ಪಕ್ಷ. ಕಣ್ಣಿಗೆ ಸಿಕ್ಕದ ಮೂಲೆಯನ್ನು ಅದು ಪರದೆಯ ಮೇಲೆ ತೋರಿಸುತ್ತದೆ. ಅಮೆರಿಕದ ಆಸ್ಪತ್ರೆಗಳಲ್ಲಿ ನಡೆದು ೨೦೨೩ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಕ್ಯಾಮೆರಾದ ಅಲಗಿನಿಂದ ಮೊದಲ ಯತ್ನದಲ್ಲೇ ೧೦೦ಕ್ಕೆ ೮೫ ಮಂದಿಗೆ ನಳಿಗೆ ಸೇರಿತು. ಬರಿಗಣ್ಣಿನ ಅಲಗಿನಿಂದ ೭೧. ಹಳಬರು ಇದನ್ನು ಒಪ್ಪಿಯೂ ತಲೆಯಾಡಿಸುತ್ತಾರೆ: ರಕ್ತವೋ ವಾಂತಿಯೋ ಮೆತ್ತಿದರೆ ಕ್ಯಾಮೆರಾ ಕುರುಡು, ಬಿರುಬಿಸಿಲಿನಲ್ಲಿ ಪರದೆ ಮಂಕು. ಇಬ್ಬರ ಮಾತೂ ಸುಳ್ಳಲ್ಲ.

ಈ ಮನಸ್ತಾಪಗಳ ನಡುವೆ ಹೆಚ್ಚಿನ ಪ್ರಶ್ನೆಯೊಂದು ಎದ್ದಿತು. ನಳಿಗೆಯನ್ನು ಶ್ವಾಸನಾಳದೊಳಕ್ಕೇ ಇಳಿಸಬೇಕೆ? ಆರ್ಚಿ ಬ್ರೇನ್ ಎಂಬ ಬ್ರಿಟಿಷ್ ವೈದ್ಯರು ೧೯೮೧ರಲ್ಲಿ, ಶ್ವಾಸನಾಳದ ಬಾಯಿಯ ಮೇಲೆ ಕವುಚಿಕೊಳ್ಳುವ ಮುಸುಕೊಂದನ್ನು ಬಳಸಿ ತೋರಿಸಿದ್ದರು. ಅದೇ ಜಾತಿಯ ಐ-ಜೆಲ್ ಎಂಬುದನ್ನು ಗಂಟಲೊಳಗೆ ನೋಡದೆಯೇ ಕ್ಷಣಮಾತ್ರದಲ್ಲಿ ಕೂರಿಸಬಹುದು. ಇಂಗ್ಲೆಂಡಿನ ನಾಲ್ಕು ಆಂಬುಲೆನ್ಸ್ ಸಂಸ್ಥೆಗಳ ೧,೫೨೩ ಪ್ಯಾರಾಮೆಡಿಕ್‌ಗಳು ಈ ವ್ಯಾಜ್ಯದ ಪರೀಕ್ಷೆಗೆ ಒಪ್ಪಿಕೊಂಡರು. ಯಾರಿಗೆ ನಳಿಗೆ, ಯಾರಿಗೆ ಐ-ಜೆಲ್ ಎಂಬುದನ್ನು ಚೀಟಿ ಎತ್ತಿದಂತೆ ಗೊತ್ತುಮಾಡಲಾಯಿತು. ಅವರವರ ಒಲವಿಗೆ ಅಲ್ಲಿ ಸ್ಥಳವಿರಲಿಲ್ಲ. ಹೃದಯ ನಿಂತ ೯,೨೯೬ ರೋಗಿಗಳ ಲೆಕ್ಕ ೨೦೧೮ರಲ್ಲಿ ಹೊರಬಿತ್ತು. ತಿಂಗಳೊಳಗೆ ತಕ್ಕಮಟ್ಟಿಗೆ ಚೇತರಿಸಿಕೊಂಡವರು ನಳಿಗೆಯ ಗುಂಪಿನಲ್ಲಿ ೧೦೦ಕ್ಕೆ ೬.೮, ಐ-ಜೆಲ್ ಗುಂಪಿನಲ್ಲಿ ೬.೪. ಹೆಚ್ಚುಕಡಿಮೆ ಸಮಸಮ.

ವರ್ಷಗಟ್ಟಲೆ ಕಲಿತ ವಿದ್ಯೆಯಿಂದ ದೊರೆತ ಫಲ, ಸುಲಭದ ಸಾಧನದಿಂದಲೂ ದೊರೆಯಿತೆಂದರೆ ಕಲಿತವನ ಮನಸ್ಸು ನೋಯದೆ ಇದ್ದೀತೆ? ಈ ನೋವನ್ನು ಬರಿಯ ಅಹಂಕಾರವೆನ್ನುವುದು ಅನ್ಯಾಯ. ಆ ಲೆಕ್ಕ ಹೃದಯ ನಿಂತವರದು. ಬೆಂಕಿಯ ಹೊಗೆ ಕುಡಿದು ಗಂಟಲು ಬಾತುಕೊಳ್ಳುತ್ತಿರುವವನಿಗೆ ಮೇಲೆ ಕವುಚುವ ಮುಸುಕು ಸಾಲದು, ನಳಿಗೆಯೇ ಬೇಕಾದೀತು. ವಿದ್ಯೆಯನ್ನು ಪೂರ್ತಿ ಬಿಟ್ಟರೆ ಅಂಥವನ ಗತಿಯೇನು? ಅಪರೂಪಕ್ಕೊಮ್ಮೆ ಮಾತ್ರ ಮಾಡಿದರೆ ಕೈ ಜಡ್ಡುಗಟ್ಟದೆ ಇದ್ದೀತೆ? ಎರಡೂ ಪ್ರಶ್ನೆಗಳು ದಿಟವಾದವು. ಉತ್ತರ ಅಭ್ಯಾಸದಲ್ಲಿದೆ, ಹಟದಲ್ಲಿಲ್ಲ.

ಅಲಗು ಯಾವುದೇ ಆಗಲಿ, ಕಡೆಗೆ ತೀರ್ಪು ಹೇಳುವುದು ಪುಟ್ಟ ಯಂತ್ರವೊಂದು. ಹೊರಬರುವ ಉಸಿರಿನಲ್ಲಿರುವ ಇಂಗಾಲಾಮ್ಲವನ್ನು ಅದು ಅಲೆಅಲೆಯಾಗಿ ಬರೆಯುತ್ತದೆ. ಅಲೆ ಏಳದಿದ್ದರೆ, ಕಣ್ಣಾರೆ ಕಂಡೆನೆಂದು ಹೇಳುವವನ ಮಾತೂ ನಡೆಯದು. ಅನುಮಾನವಿದ್ದಲ್ಲಿ ನಳಿಗೆಯನ್ನು ತೆಗೆದು ಬೇರೆ ದಾರಿಯಿಂದ ಉಸಿರು ಕೊಡಲೇಬೇಕು. ಅಂಥ ಹೊತ್ತಿನಲ್ಲಿ ಮೆಚ್ಚಿನ ಆಯುಧವನ್ನು ಕೆಳಗಿಡಬಲ್ಲವನೇ ನಿಜವಾದ ಕಸುಬುದಾರ. ಬದುಕಿಕೊಂಡ ರೋಗಿಗೆ ಯಾವ ಅಲಗು, ಯಾರ ಕೈ ಎಂಬುದೊಂದೂ ತಿಳಿಯದು. ನಳಿಗೆ ತೆಗೆದ ಮೇಲೆ ಕೆಲವು ದಿನ ಅವನ ಗಂಟಲು ಕೆರೆಯುತ್ತದೆ. ಗೊಗ್ಗರು ದನಿಯಲ್ಲಿ ಮನೆಯವರ ಹೆಸರು ಹಿಡಿದು ಕೂಗುತ್ತಾನೆ. ಮನೆಯವರಿಗೆ ಬೇಕಾದುದೂ ಅಷ್ಟೇ.