ನೀರಮಾನ್ವಿಯ ಮಾಳಿಗೆಯ ಮೇಲೆ ಕಡಲು

ರಾಯಚೂರಿನಿಂದ ಮಾನ್ವಿಗೆ ಹೋಗುವ ದಾರಿಯಲ್ಲಿ, ಮಾನ್ವಿಯು ಇನ್ನೂ ಕೆಲವು ಮೈಲು ಉಳಿದಿರುವಾಗಲೇ ನೀರಮಾನ್ವಿ ಎಂಬ ಊರು ಸಿಗುವದು. ಯಲ್ಲಮ್ಮದೇವಿಯ ಜಾತ್ರೆಯಿಂದ ಈ ಸೀಮೆಯಲ್ಲೆಲ್ಲ ಹೆಸರಾದ ಊರಿದು. ಹೆಸರಿನಲ್ಲಿ ನೀರಿದ್ದರೂ ಕಡಲಿಗೂ ಇದಕ್ಕೂ ನೆಂಟಸ್ತನವಿಲ್ಲ; ಪಡುವಣ ಕಡಲಾಗಲಿ ಮೂಡಣ ಕಡಲಾಗಲಿ ಇಲ್ಲಿಂದ ನೂರಾರು ಮೈಲು. ಸುತ್ತಲೂ ಹತ್ತಿ, ಜೋಳ. ತುಂಗಭದ್ರೆಯ ಎಡದಂಡೆಯ ಕಾಲುವೆ ಮುಟ್ಟಿದಲ್ಲಿ ನೆಲ್ಲು. ನಡುನಡುವೆ ಯಾರೋ ಪೇರಿಸಿಟ್ಟು ಮರೆತು ಹೋದಂತಿರುವ ಗುಂಡುಗಲ್ಲಿನ ಗುಡ್ಡಗಳು. ಇಂಥ ಊರಿನಲ್ಲಿ ಕಡಲುಗಳ್ಳರ ಚಿತ್ರಪಟವೊಂದನ್ನು ನೋಡಿ ನಾವು ಮಿತಿಮೀರಿ ಸಂತೋಷಪಟ್ಟೆವೆಂದರೆ ವಾಚಕರು ನಗಬಹುದು. ನಗಲಿ, ಆದರೆ ಪೂರ್ತಿ ಓದಿ ನಗಲಿ.

ನಾವು ಅಲ್ಲಿಗೆ ಹೋದದ್ದು ಆಪ್ತರೊಬ್ಬರ ಮನೆಗೆ. ದೇವಿಯ ದರ್ಶನವಾಯಿತು, ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾಹಿಂಡಿಗಳ ಊಟವಾಯಿತು. ಸಂಜೆಯಾಗುತ್ತಲೇ ಮನೆಯ ಹುಡುಗರು ಮಾಳಿಗೆಯ ಮೇಲೆ ಎರಡು ಗಳ ನಿಲ್ಲಿಸಿ, ಅಜ್ಜನ ಬಿಳಿಯ ಧೋತರವನ್ನು ಬಿಗಿದು ಕಟ್ಟಿದರು. ಎಲ್ಲಿಂದಲೋ ಒಂದು ಚಿಕ್ಕ ಪ್ರೊಜೆಕ್ಟರನ್ನು ತಂದಿದ್ದರು. ಓಣಿಯ ಜನರೆಲ್ಲ ಕಂಬಳಿ ಚಾಪೆಗಳೊಡನೆ ಏರಿ ಬಂದರು. ಚಿತ್ರವು ‘ಪೈರೇಟ್ಸ್ ಆಫ್ ದಿ ಕೆರಿಬಿಯನ್’ ಎಂಬುದರ ಎರಡನೆಯ ಭಾಗ, 2006ರಲ್ಲಿ ಹೊರಬಂದ ‘ಡೆಡ್ ಮ್ಯಾನ್ಸ್ ಚೆಸ್ಟ್’. ಇಂಗ್ಲಿಷಿನ ಬದಲು ಹಿಂದಿ ಮಾತುಗಳನ್ನು ಕೂಡಿಸಿದ ಪ್ರತಿ. ಹಿಂದಿ ತಿಳಿಯದ ಹಿರಿಯರಿಗಾಗಿ ಕಾಲೇಜು ಓದುವ ಹುಡುಗನೊಬ್ಬನು ಪರದೆಯ ಪಕ್ಕದಲ್ಲಿ ನಿಂತು, ಪುರಾಣಿಕರಂತೆ, ನಡೆದುದನ್ನೆಲ್ಲ ಕನ್ನಡದಲ್ಲಿ ಹೇಳುತ್ತಿದ್ದನು.

ಇದನ್ನು ನಾವು ಮೊದಲೇ ಪಟ್ಟಣದಲ್ಲಿ ನೋಡಿ ಮೆಚ್ಚಿದ್ದೆವು. ಅಮೇರಿಕೆಯ ಡಿಸ್ನಿಲ್ಯಾಂಡ್ ಎಂಬ ವಿನೋದವನದಲ್ಲಿ 1967ರಲ್ಲಿ ತೆರೆದ ಒಂದು ದೋಣಿವಿಹಾರವೇ ಈ ಕಥೆಗಳ ಮೂಲ. ಮೊದಲ ಚಿತ್ರವು 2003ರಲ್ಲಿ ಬಂದು ಲೋಕವನ್ನೆಲ್ಲ ನಗಿಸಿತು. ಒಮ್ಮೆ ಗೆದ್ದ ಕಥೆಯನ್ನು ಮುಂದುವರಿಸುವದೆಂದರೆ ಸಾಮಾನ್ಯವಾಗಿ ನಿನ್ನೆಯ ಸಾರಿಗೆ ನೀರು ಬೆರೆಸಿ ಬಡಿಸಿದಂತೆ. ಇದು ಹಾಗಲ್ಲ. ಮೊದಲ ಭಾಗದಲ್ಲಿ ಜ್ಯಾಕ್ ಸ್ಪ್ಯಾರೋ ಎಂಬ ತುಂಟ ನಾಯಕನು ತನ್ನ ಹಡಗಿಗಾಗಿ ಹೋರಾಡುವದನ್ನು ಕಂಡು ನಾವು ಚಪ್ಪಾಳೆ ತಟ್ಟಿದ್ದೆವು. ಆ ಹಡಗು ಅವನಿಗೆ ಬಂದದ್ದು ಹೇಗೆಂದು ಯಾರೂ ಕೇಳಿರಲಿಲ್ಲ. ಎರಡನೆಯ ಭಾಗವು ಅದನ್ನೇ ಕೇಳುವದು. ಮುಳುಗಿದ್ದ ಹಡಗನ್ನು ಕಡಲಿನಾಳದಿಂದ ಎತ್ತಿಕೊಟ್ಟವನು ಡೇವಿ ಜೋನ್ಸ್ ಎಂಬ ಕಡಲಭೂತ. ಹದಿಮೂರು ವರ್ಷ ನಾಯಕನಾಗಿರು, ಆಮೇಲೆ ನೂರು ವರ್ಷ ನನ್ನ ಹಡಗಿನಲ್ಲಿ ದುಡಿ ಎಂಬುದು ಕರಾರು. ಈಗ ವಾಯಿದೆ ತೀರಿದೆ.

ಹುಡುಗನು ಇದನ್ನು ಹೇಳಿದೊಡನೆ, ಅದುವರೆಗೆ ತೂಕಡಿಸುತ್ತಿದ್ದ ನೆರೆಮನೆಯ ಅಜ್ಜಿಯೊಬ್ಬಳು ಎದ್ದು ಕುಳಿತಳು. “ಅಂದ್ರ ಸಾಲ ಮಾಡ್ಯಾನೇನೋ ಅವ?” ಎಂದಳು. “ಹೌದಬೇ, ಸಾಲನ” ಎಂದನು ಹುಡುಗ. “ಹಂಗಂತ ಮೊದಲ ಹೇಳಬಾರದ?” ಎಂದು ಆಕೆ ಮುಂದೆ ಸರಿದು ಕುಳಿತಳು. ಅಲ್ಲಿಂದ ಮುಂದೆ ಆಕೆಯ ರೆಪ್ಪೆ ಮುಚ್ಚಿದ್ದನ್ನು ನಾವು ಕಾಣಲಿಲ್ಲ.

ಚಿತ್ರದ ಬೆಡಗನ್ನು ಬಣ್ಣಿಸದೆ ಇರಲಾರೆವು. ಜೋನ್ಸನ ಗಡ್ಡವೆಂದರೆ ಅಷ್ಟಪದಿಯ ತೋಳುಗಳು. ಅವು ಒಂದೊಂದೂ ಬೇರೆಬೇರೆಯಾಗಿ ಹೊರಳುವವು, ಅವುಗಳಿಂದಲೇ ಆತನು ವಾದ್ಯವನ್ನೂ ನುಡಿಸುವನು. ಅದು ಗಣಕಯಂತ್ರದ ಮಾಯೆಯೆಂದು ತಿಳಿದಿದ್ದರೂ ಕಣ್ಣು ನಂಬುವದಿಲ್ಲ. ಏಕೆಂದರೆ ಆ ಮುಖದ ಒಳಗೆ ಬಿಲ್ ನೈ ಎಂಬ ನಟನ ನೋಟವೂ ನೋವೂ ಉಳಿದುಕೊಂಡಿವೆ. ಈ ಕೈಚಳಕಕ್ಕೆ 2007ರಲ್ಲಿ ಆಸ್ಕರ್ ಬಹುಮಾನ ಬಂದುದು ನ್ಯಾಯವೇ. ಮತ್ತೊಂದು ಕಡೆ ನೀರಿನ ಗಿರಣಿಯ ದೊಡ್ಡ ಗಾಲಿಯೊಂದು ಕಳಚಿ ಕಾಡಿನಲ್ಲಿ ಉರುಳುತ್ತಿರುವಾಗ, ಅದರ ಮೇಲೆಯೇ ಮೂವರು ಕತ್ತಿವರಸೆ ನಡೆಸುವರು. ಆಗ ಮಾಳಿಗೆಯ ಮೇಲೆ ಎದ್ದ ಕೇಕೆಗೆ ಓಣಿಯ ನಾಯಿಗಳೆಲ್ಲ ಬೊಗಳಿದವು. ತೇರಿನ ಗಾಲಿಯೇ ಹರಿದು ಹೊರಟಂತಾಯಿತೆಂದು ಒಬ್ಬರೆಂದರು.

ದೋಷಗಳೂ ಇವೆ. ಎರಡೂವರೆ ಗಂಟೆಯ ಉದ್ದ ಹೆಚ್ಚಾಯಿತು. ನರಭಕ್ಷಕರ ದ್ವೀಪದ ಭಾಗವಂತೂ ನಮಗೆ ಹಿಡಿಸಲಿಲ್ಲ. ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳು ಅದನ್ನು ಆಕ್ಷೇಪಿಸಿದ್ದು ಸರಿಯಾಗಿಯೇ ಇದೆ. ಕಥೆಯು ಮುಗಿಯದೆ ನಡುನೀರಿನಲ್ಲಿಯೇ ನಿಲ್ಲುವದು ಕೆಲವರಿಗೆ ಮೋಸವೆನಿಸೀತು. ನಮಗೆ ಹಾಗೆನಿಸಲಿಲ್ಲ. ವಾಯಿದೆಯೇ ಮುಗಿಯದ ಕಥೆಗೆ ಮುಕ್ತಾಯವೆಲ್ಲಿಂದ ಬರಬೇಕು?

ಇನ್ನೊಂದು ಸಂಗತಿ ನಮ್ಮ ಮನಸ್ಸಿನಲ್ಲಿ ಸುಳಿಯುತ್ತಲಿತ್ತು. ಬರುವಾಗ ರಾಯಚೂರಿನ ಕೋಟೆಯನ್ನು ನೋಡಿಕೊಂಡೇ ಬಂದಿದ್ದೆವು. 1294ರ ಶಾಸನವುಳ್ಳ ಆ ಮಹಾಶಿಲೆಯ ಎದುರಿಗೆ ನಿಂತವರಿಗೆ ಕಡಲಿನ ನೆನಪು ಬರಲಾರದು. ಆದರೆ 1520ರಲ್ಲಿ ಕೃಷ್ಣದೇವರಾಯನು ಈ ಕೋಟೆಗೆ ಮುತ್ತಿಗೆ ಹಾಕಿದಾಗ ಅವನ ಕಡೆಗೆ ಕ್ರಿಸ್ತೊವಾವ್ ದ ಫಿಗೆರೇದು ಎಂಬ ಪೋರ್ತುಗೀಜನೂ ಅವನ ಕೋವಿಗಾರರೂ ಇದ್ದರು. ಅವರು ಗೋಡೆಯ ಮೇಲಿನ ಕಾವಲುಗಾರರನ್ನು ಗುಂಡಿಟ್ಟು ಕೆಡಹುತ್ತಿರಲು, ರಾಯನ ಜನರು ಕೋಟೆಯ ಕಲ್ಲುಗಳನ್ನು ಕಿತ್ತರೆಂದು ನೂನಿಜನು ಬರೆದಿರುವನು. ಆ ಪೋರ್ತುಗೀಜರು ಗೋವೆಯನ್ನು ಹಿಡಿದದ್ದು ಅದಕ್ಕೆ ಹತ್ತು ವರ್ಷ ಮುಂಚೆ, 1510ರಲ್ಲಿ. ಆಗ ಅವರಿಗೆ ನೆರವಾದವನು ನಮ್ಮ ಹೊನ್ನಾವರದ ತಿಮ್ಮಯ್ಯ. ಪೋರ್ತುಗೀಜರ ಬಾಯಲ್ಲಿ ತಿಮೋಜ. ಆತನು ಕಡಲುಗಳ್ಳನೋ ಕಡಲ ದಳಪತಿಯೋ ಎಂಬುದು ಬರೆದವರು ಯಾರ ಪಕ್ಷದವರೆಂಬುದನ್ನು ಅವಲಂಬಿಸಿದೆ. ಚಿತ್ರದಲ್ಲಿಯೂ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯೊಬ್ಬನು ಅರಸನ ಮುದ್ರೆಯ ಪರವಾನಗಿ ಪತ್ರವನ್ನು ತೋರಿಸಿ ಕಳ್ಳನನ್ನು ಕೊಳ್ಳಲೆಣಿಸುವನು. ಪತ್ರ ಕೈಯಲ್ಲಿದ್ದರೆ ಅದೇ ಸುಲಿಗೆ ರಾಜಸೇವೆ! 2007ರ ಮೂರನೆಯ ಭಾಗದಲ್ಲಿ ಕಡಲುಗಳ್ಳರ ಸಭೆಗೆ ಹಿಂದೂಸ್ಥಾನದ ಕಡೆಯಿಂದ ಬರುವವನ ಹೆಸರು ಸಂಭಾಜಿ ಆಂಗ್ರೆ. ಮರಾಠರ ನೌಕಾಪತಿಯಾಗಿದ್ದ ಕಾನ್ಹೋಜಿ ಆಂಗ್ರೆಯ ಮಗನ ಹೆಸರದು. ತಂದೆಯನ್ನು ಕಳ್ಳನೆಂದು ಕರೆದವರು ಕಂಪನಿಯ ಇಂಗ್ಲಿಷರು.

ಇಷ್ಟಾದರೂ ನೀರಮಾನ್ವಿಯ ಜನರು ಕಂಡ ನಾವೆಯೆಂದರೆ ತುಂಗಭದ್ರೆಯ ಹರಗೋಲೇ. ಇದೇ ಹೊಳೆಯ ಮೇಲುಗಡೆ, ಆನೆಗೊಂದಿಯ ಹತ್ತಿರ, ಬುಟ್ಟಿಯಂತೆ ದುಂಡಾದ, ತೊಗಲು ಹೊದಿಸಿದ ದೋಣಿಗಳಲ್ಲಿ ಹದಿನೈದು ಇಪ್ಪತ್ತು ಜನ ದಾಟುವದನ್ನು ಪಾಯೆಸನು ಸುಮಾರು 1520ರಲ್ಲಿ ಕಂಡು ಬೆರಗಾಗಿ ಬರೆದಿಟ್ಟನು. ಅಂಥ ಹರಗೋಲನ್ನು ಬಲ್ಲ ಜನರು ರಕ್ಕಸ ತೋಳುಗಳು ಹಡಗನ್ನು ಸುತ್ತಿ ಮುರಿಯುವದನ್ನು ನೋಡುತ್ತ ಉಸಿರು ಬಿಗಿಹಿಡಿದು ಕುಳಿತಿದ್ದರು.

ಆದರೆ ಆ ರಾತ್ರಿ ಮಾಳಿಗೆಯನ್ನು ಮೌನಗೊಳಿಸಿದ್ದು ಆ ರಕ್ಕಸನಲ್ಲ. ವಿಲ್ ಎಂಬ ತರುಣನು ಜೋನ್ಸನ ಹಡಗಿನಲ್ಲಿ ಬಹುಕಾಲ ಕಾಣದಿದ್ದ ತನ್ನ ತಂದೆಯನ್ನು ಕಾಣುವನು. ತಂದೆಯು ಅಲ್ಲಿ ಜೀತದ ಆಳು. ಮಗನು ತಪ್ಪಿ ನಡೆದನೆಂದು ಐದು ಚಾಟಿ ಏಟಿನ ದಂಡನೆ. ಹೊಡೆಯುವವನ ಕೈಗೆ ಸಿಕ್ಕರೆ ಮೂಳೆ ಕಾಣುವಂತೆ ಹೊಡೆದಾನೆಂದು ತಂದೆಯೇ ಚಾಟಿಯನ್ನು ತೆಗೆದುಕೊಳ್ಳುವನು. ಆಮೇಲೆ ಮಗನು ಒಂದು ಬೀಗದ ಕೈಗಾಗಿ ದಾಳದ ಪಂಥಕ್ಕೆ ಕುಳಿತಾಗ, ತಂದೆಯೂ ನಡುವೆ ನುಗ್ಗಿ ಬೇಕೆಂದೇ ಸೋತು, ಎಂದೆಂದಿಗೂ ಬಿಡುಗಡೆಯಿಲ್ಲದ ದುಡಿಮೆಯನ್ನು ತನ್ನ ತಲೆಗೆ ಕಟ್ಟಿಕೊಳ್ಳುವನು. ಧರ್ಮರಾಯನ ದ್ಯೂತವನ್ನು ಬಲ್ಲವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೇಳುತ್ತಿದ್ದ ಹುಡುಗನೂ ಸುಮ್ಮನಾದನು.

ಅಜ್ಜಿಯು ಸೆರಗಿನಿಂದ ಮುಖ ಒರಸಿಕೊಂಡಳು. ಜೀತಪದ್ಧತಿಯನ್ನು ನಿಷೇಧಿಸಿದ ಕಾನೂನು ಬಂದದ್ದು 1976ರಲ್ಲಿ. ಆಕೆಯ ಗಂಡನು ಅದಕ್ಕೆ ಮೊದಲೇ ಅಣ್ಣನ ಲಗ್ನದ ಸಾಲಕ್ಕಾಗಿ ಒಬ್ಬರ ಮನೆಯಲ್ಲಿ ಏಳು ವರ್ಷ ದುಡಿದಿದ್ದನಂತೆ. ಇದನ್ನು ಆಕೆ ನಮಗೆ ಹೇಳಿದ್ದು ಮರುದಿನ ಮುಂಜಾನೆ, ಕಟ್ಟೆಯ ಮೇಲೆ ಕುಳಿತು, ಕಡ್ಡಿ ಆರಿಸುತ್ತ, ಬೇರೆ ಯಾರದೋ ಮಾತೆಂಬಂತೆ. ಈಗ ಆ ಜೀತವಿಲ್ಲ, ಗುಳೆ ಇದೆ. ಮಳೆ ಕೈಕೊಟ್ಟ ವರ್ಷ ಈ ಸೀಮೆಯ ಎಷ್ಟೋ ಮನೆಗಳ ಕದಕ್ಕೆ ಬೀಗ ಬೀಳುವದು; ಜನರು ಬೆಂಗಳೂರಿನ ಕಟ್ಟಡಗಳ ಕೆಲಸಕ್ಕೆ ಹೋಗುವರು. ಅಜ್ಜಿಯ ಮೊಮ್ಮಗನೂ ಅಲ್ಲಿಯೇ ಇರುವನು.

ನಾವು ಹೊರಟು ನಿಂತಾಗ ಆಕೆ ಕೇಳಿದಳು: “ತಮ್ಮಾ, ಮುಂದಿಂದೂ ನೋಡೀಯಂತಲ್ಲ. ಅವರಪ್ಪ ಬಿಡುಗಡಿ ಆದ್ನೇನು?”

ನಾವು ಸ್ವಲ್ಪ ತಡೆದು, ಆದನು, ಆದರೂ ಹಡಗು ಬಿಡಲಿಲ್ಲ. ಈಗ ಮಗನೇ ಆ ಹಡಗಿಗೆ ಕಟ್ಟುಬಿದ್ದಿದ್ದಾನೆ, ಹತ್ತು ವರ್ಷಕ್ಕೆ ಒಂದು ದಿನ ಮಾತ್ರ ನೆಲಕ್ಕೆ ಬರುವನು, ಹೆಂಡತಿ ದಂಡೆಯಲ್ಲಿ ಕಾಯುವಳು ಎಂದೆವು.

“ಹತ್ತು ವರ್ಷಕ್ಕ ಒಂದ ದಿನ?” ಎಂದು ಅಜ್ಜಿ ಕಡ್ಡಿ ಆರಿಸುವದನ್ನು ನಿಲ್ಲಿಸಿದಳು. “ನಮ್ಮವ ಯಲ್ಲಮ್ಮನ ಜಾತ್ರಿಗೆ ವರ್ಷಾ ಬರ್ತಾನಪ್ಪ.”

ಅಷ್ಟರಲ್ಲಿ ರಾಯಚೂರಿನ ಬಸ್ಸು ಬಂತು.