ಹದಿನಾಲ್ಕನೆಯ ಆವೃತ್ತಿ

ಆಕರಗ್ರಂಥ ಎಂದರೆ ನಮಗೆ ಒಂದು ಬಗೆಯ ಭಯಭಕ್ತಿ. ದಪ್ಪ ರಟ್ಟು, ಸಣ್ಣಕ್ಷರ, ಕೊನೆಯಲ್ಲಿ ಅಕಾರಾದಿ. ಅದರಲ್ಲಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಇಟಲಿಯ ಅಡುಗೆ ಮತ್ತು ವೈನಿನ ಆಕರಗ್ರಂಥಗಳನ್ನು ಒಂದರ ಪಕ್ಕ ಒಂದಿಟ್ಟು ಓದುವವರಿಗೆ ಈ ಭಕ್ತಿ ಬಹಳ ದಿನ ಉಳಿಯುವುದಿಲ್ಲ. ಬೊಲೋನ್ಯದ ಒಂದು ಮಾಂಸದ ಗೊಜ್ಜನ್ನೇ ತೆಗೆದುಕೊಳ್ಳಿ. 1891ರ ಪುಸ್ತಕ ಹೇಳಿದ್ದನ್ನು 1982ರ ದಾಖಲೆ ಹೇಳುವುದಿಲ್ಲ. 1982ರದ್ದನ್ನು 2023ರಲ್ಲಿ ಮತ್ತೆ ತಿದ್ದಿದರು. ಹಾಗಾದರೆ ಇವನ್ನು ನಂಬಲೇಬಾರದೇ? ಧಾರಾಳವಾಗಿ ನಂಬಬಹುದು ಎಂಬುದೇ ನನ್ನ ವಾದ. ಆದರೆ ಅವುಗಳಲ್ಲಿ ಯಾವುದಕ್ಕೆ ಮೊದಲ ಮಣೆ ಎಂದು ಕೇಳಿದರೆ, ತಾನು ತಿದ್ದಿಕೊಂಡದ್ದನ್ನು ಮುಚ್ಚಿಡದ ಪುಸ್ತಕಕ್ಕೆ ಎನ್ನುತ್ತೇನೆ.

ಇದಕ್ಕೆ ದೊಡ್ಡ ಸಾಕ್ಷಿ ಪೆಲ್ಲೆಗ್ರಿನೊ ಆರ್ತೂಸಿ. ಆತ ಬಾಣಸಿಗನಲ್ಲ, ರೇಷ್ಮೆ ವ್ಯಾಪಾರಿ. ಹುಟ್ಟಿದ್ದು 1820ರಲ್ಲಿ, ರೊಮಾನ್ಯ ಸೀಮೆಯ ಫೊರ್ಲಿಂಪೊಪೊಲಿ ಎಂಬ ಸಣ್ಣ ಊರಿನಲ್ಲಿ. 1851ರಲ್ಲಿ ಒಂದು ದರೋಡೆಕೋರರ ಗುಂಪು ಆ ಊರಿನ ನಾಟಕಶಾಲೆಗೇ ನುಗ್ಗಿ ಸಿರಿವಂತರ ಮನೆಗಳನ್ನು ದೋಚಿತು. ಆ ಮೇಲೆ ಆರ್ತೂಸಿಯ ಕುಟುಂಬ ಫ್ಲಾರೆನ್ಸಿಗೆ ಹೋಗಿ ನೆಲೆಸಿತು. ವ್ಯಾಪಾರದಲ್ಲಿ ದುಡಿದು, ಬಿಡುವಾದ ಮೇಲೆ ಆತ ಸಾಹಿತ್ಯದ ಕುರಿತು ಎರಡು ಪುಸ್ತಕ ಬರೆದ. ಅವನ್ನು ಯಾರೂ ಮೂಸಿ ನೋಡಲಿಲ್ಲ. ಕೊನೆಗೆ ಎಪ್ಪತ್ತು ದಾಟಿದ ಮೇಲೆ ಅಡುಗೆಯ ಶಾಸ್ತ್ರ ಮತ್ತು ಚೆನ್ನಾಗಿ ಉಣ್ಣುವ ಕಲೆಯ ಬಗ್ಗೆ ಪುಸ್ತಕ ಬರೆದರೆ ಪ್ರಕಾಶಕರು ಒಲ್ಲೆ ಎಂದರು. ಕೈಯಿಂದ ಹಣ ಹಾಕಿ 1891ರಲ್ಲಿ ಸಾವಿರ ಪ್ರತಿ ಅಚ್ಚು ಹಾಕಿಸಿದ. ಹುಟ್ಟೂರಿನ ಧರ್ಮಾರ್ಥ ಲಾಟರಿಯೊಂದಕ್ಕೆ ಎರಡು ಪ್ರತಿ ಬಹುಮಾನವಾಗಿ ಕೊಟ್ಟನಂತೆ. ಗೆದ್ದವರು ನಕ್ಕು, ಅವನ್ನು ಹೊಗೆಸೊಪ್ಪಿನ ಅಂಗಡಿಗೆ ಮಾರಿಕೊಂಡರಂತೆ. ಮುಂದಿನ ಆವೃತ್ತಿಗಳ ಮುನ್ನುಡಿಯಲ್ಲಿ ಇದನ್ನು ಆತನೇ ಬರೆದುಕೊಂಡಿದ್ದಾನೆ. ತನ್ನ ಅವಮಾನವನ್ನು ತಾನೇ ಅಚ್ಚು ಹಾಕಿಸಿದ ಆಕರಗ್ರಂಥಕಾರರು ಬಹಳ ಮಂದಿ ಇರಲಾರರು.

ಮೊದಲ ಆವೃತ್ತಿಯಲ್ಲಿದ್ದದ್ದು 475 ಪಾಕವಿಧಾನ. ಆತ ಬದುಕಿದ್ದಾಗಲೇ ಹದಿನಾಲ್ಕನೆಯ ಆವೃತ್ತಿ ಬಂತು, ಅದರಲ್ಲಿ 790. ಹೆಚ್ಚಿನದೆಲ್ಲ ಎಲ್ಲಿಂದ ಬಂತು? ಪುಸ್ತಕವನ್ನು ಆತ ಮನೆಯಿಂದಲೇ ಅಂಚೆಯಲ್ಲಿ ಕಳಿಸುತ್ತಿದ್ದ. ಅಂಚೆಯಲ್ಲೇ ಉತ್ತರವೂ ಬರುತ್ತಿತ್ತು. ಬೇರೆ ಬೇರೆ ಸೀಮೆಯ ಗೃಹಿಣಿಯರು ಇದು ಸರಿಯಾಗಲಿಲ್ಲ, ನಮ್ಮಲ್ಲಿ ಹೀಗೆ ಮಾಡುತ್ತೇವೆ ಎಂದು ಬರೆದರು. ಆತ ಅದನ್ನು ಅಡುಗೆಯ ಫ್ರಾಂಚೆಸ್ಕೊ ರುಫೀಲಿ ಮತ್ತು ಮರಿಯೆತ್ತಾ ಸಬಾತೀನಿ ಕೈಯಲ್ಲಿ ಮಾಡಿಸಿ, ರುಚಿ ನೋಡಿ, ಒಪ್ಪಿದರೆ ಮುಂದಿನ ಆವೃತ್ತಿಗೆ ಸೇರಿಸಿದ. ಇಟಲಿ ಒಂದು ರಾಜ್ಯವಾದದ್ದು 1861ರಲ್ಲಿ. ಆಗ ಆ ದೇಶದ ಜನರಲ್ಲಿ ಇಟಾಲಿಯನ್ ಭಾಷೆ ಆಡುತ್ತಿದ್ದವರು ನೂರಕ್ಕೆ ಹತ್ತಕ್ಕಿಂತ ಹೆಚ್ಚಿಲ್ಲ ಎಂದು ಭಾಷಾ ವಿದ್ವಾಂಸರ ಅಂದಾಜು. ಒಂದು ಊರಿನ ಊಟದ ಹೆಸರು ಇನ್ನೊಂದು ಊರಿಗೆ ತಿಳಿಯುತ್ತಿರಲಿಲ್ಲ. ಆರ್ತೂಸಿಯ ಪುಸ್ತಕ ಈ ಅಡುಗೆಮನೆಗಳನ್ನು ಒಂದಕ್ಕೊಂದು ಪರಿಚಯಿಸಿತು. 1970ರಲ್ಲಿ ಅದನ್ನು ಸಂಪಾದಿಸಿದ ವಿದ್ವಾಂಸ ಪಿಯೆರೊ ಕಾಂಪೊರೇಸಿ, ದೇಶವನ್ನು ಒಂದುಗೂಡಿಸುವುದರಲ್ಲಿ ಮಂಜೋನಿಯ ಮಹಾಕಾದಂಬರಿಗಿಂತ ಈ ಅಡುಗೆ ಪುಸ್ತಕದ ಪಾಲು ಹೆಚ್ಚು ಎಂದದ್ದು ತಮಾಷೆಗಲ್ಲ.

ಈಗ ಬೊಲೋನ್ಯದ ಗೊಜ್ಜಿಗೆ ಬರೋಣ (ಮಾಂಸ ಒಲ್ಲದವರು ಒಂದು ಪ್ಯಾರಾ ಸಹಿಸಿಕೊಳ್ಳಬೇಕು). ಆರ್ತೂಸಿಯ ವಿಧಾನದಲ್ಲಿ ಎಳೆಗರುವಿನ ಮಾಂಸ, ಉಪ್ಪು ಹಾಕಿದ ಹಂದಿಮಾಂಸ, ಬೆಣ್ಣೆ, ಈರುಳ್ಳಿ, ಕ್ಯಾರೆಟ್ಟು, ಸೆಲರಿ, ಮಾಂಸದ ಸಾರು. ಬೇಕಾದರೆ ಒಣ ಅಣಬೆ, ಕೋಳಿಯ ಈಲಿ. ಇನ್ನೂ ರುಚಿ ಬೇಕೆಂದರೆ ಕೊನೆಗೆ ಅರ್ಧ ಲೋಟ ಕೆನೆ. ಟೊಮೆಟೊ ಇಲ್ಲವೇ ಇಲ್ಲ. 1953ರಲ್ಲಿ ಹುಟ್ಟಿದ ಇಟಾಲಿಯನ್ ಪಾಕ ಅಕಾಡೆಮಿಯು 1982ರ ಅಕ್ಟೋಬರ್ 17ರಂದು ಬೊಲೋನ್ಯದ ವಾಣಿಜ್ಯ ಮಂಡಳಿಯಲ್ಲಿ ಒಂದು ವಿಧಾನವನ್ನು ವಿಧ್ಯುಕ್ತವಾಗಿ ದಾಖಲು ಮಾಡಿಸಿತು: ದನದ ಮಾಂಸ, ಹಂದಿಮಾಂಸ, ಟೊಮೆಟೊ, ಅರ್ಧ ಲೋಟ ವೈನು, ಹಾಲು. ಅದೇ ಊರಿನಲ್ಲಿ 1972ರಲ್ಲಿ ತಾಲ್ಯಾತೆಲ್ಲೆ ಎಂಬ ಪಟ್ಟಿ ಶಾವಿಗೆಯ ಅಗಲವನ್ನೂ ನಿಗದಿ ಮಾಡಿದ್ದರು. ಬೆಂದ ಮೇಲೆ 8 ಮಿಲಿಮೀಟರು, ಅಂದರೆ ಅಲ್ಲಿನ ಅಸಿನೆಲ್ಲಿ ಗೋಪುರದ ಎತ್ತರದ 12,270ನೇ ಒಂದು ಭಾಗ. ಅಳತೆಗೆಂದು ಬಂಗಾರದ ತುಣುಕೊಂದನ್ನೇ ಮಾಡಿಸಿ ಇಟ್ಟರು. ಲಟ್ಟಣಿಗೆ ಹಿಡಿದ ಹೆಂಗಸು ಗೋಪುರದ ಕಡೆ ನೋಡಿಕೊಂಡು ಕತ್ತರಿಸುತ್ತಿದ್ದಳೇನೋ! ಹೀಗೆ ಮೊಹರು ಒತ್ತಿದ ಗೊಜ್ಜಿನ ವಿಧಾನವನ್ನೂ 2023ರಲ್ಲಿ ಹೊಸದಾಗಿ ಬರೆದು ಮತ್ತೆ ದಾಖಲಿಸಬೇಕಾಯಿತು. ಅಂದಮೇಲೆ ಅಕಾಡೆಮಿಯೂ ಆರ್ತೂಸಿಯ ದಾರಿಗೇ ಬಂತು. ಆತ ಹದಿನಾಲ್ಕು ಸಲ ನಗುನಗುತ್ತಾ ಮಾಡಿದ್ದನ್ನು ಇವರು ಎರಡು ಸಲ ಗಂಭೀರ ಮುಖ ಮಾಡಿಕೊಂಡು ಮಾಡಿದರು, ಅಷ್ಟೇ.

ಇಲ್ಲಿ ಒಬ್ಬರು ಎದ್ದು, ಹಾಗಾದರೆ ಈ ಸಂಪ್ರದಾಯವೆಲ್ಲ ಬರೀ ಕಟ್ಟುಕತೆಯೋ ಎಂದು ಕೇಳಬಹುದು. ಇಟಲಿಯ ಇತಿಹಾಸಕಾರ ಆಲ್ಬೆರ್ತೊ ಗ್ರಾಂದಿ 2018ರ ತನ್ನ ಪುಸ್ತಕದಲ್ಲಿ ಹೆಚ್ಚುಕಡಿಮೆ ಈ ಮಾತನ್ನೇ ಹೇಳಿ ಸ್ವದೇಶದಲ್ಲಿ ಬೈಸಿಕೊಂಡಿದ್ದಾನೆ. ಆತನ ಪುರಾವೆ ಗಟ್ಟಿಯಾಗಿದೆ. ರೋಮಿನವರು ಪ್ರಾಣ ಬಿಡುವ ಕಾರ್ಬೊನಾರ ಎಂಬ ಶಾವಿಗೆಯ ತಿನಿಸು ಎರಡನೆಯ ಮಹಾಯುದ್ಧಕ್ಕೆ ಮೊದಲಿನ ಅಡುಗೆ ಪುಸ್ತಕಗಳಲ್ಲಿಲ್ಲ. ರೋಮಿನವಳೇ ಆದ ಅದಾ ಬೋನಿಯ ಮಹಾಗ್ರಂಥದ 1929ರ ಮುದ್ರಣದಲ್ಲಿ ಹುಡುಕಿದರೂ ಸಿಗುವುದಿಲ್ಲ. 1954ರಲ್ಲಿ ಒಂದು ಇಟಾಲಿಯನ್ ಪಾಕಪತ್ರಿಕೆಯಲ್ಲಿ ಅಚ್ಚಾದಾಗ ಅದರಲ್ಲಿ ಬೆಳ್ಳುಳ್ಳಿ ಇತ್ತು, ಸ್ವಿಟ್ಜರ್‌ಲೆಂಡಿನ ಗ್ರುಯೇರ್ ಚೀಸ್ ಇತ್ತು. ಇಂದು ಇವೆರಡನ್ನು ಹಾಕಿದವರಿಗೆ ರೋಮಿನಲ್ಲಿ ಕ್ಷಮೆಯಿಲ್ಲ. ಆದರೂ ಗ್ರಾಂದಿಯ ತೀರ್ಮಾನದ ಹುರುಪು ನನಗೆ ಒಪ್ಪಿಗೆಯಿಲ್ಲ. ಎಪ್ಪತ್ತು ವರ್ಷದ ಹಿಂದೆ ಹುಟ್ಟಿದ ತಿನಿಸು ಸುಳ್ಳು ತಿನಿಸಾಗುವುದಿಲ್ಲ. ಅದರ ವಯಸ್ಸಿನ ಬಗ್ಗೆ ಸುಳ್ಳು ಹೇಳಿದವರದ್ದು ತಪ್ಪು. ಮತ್ತೆ, ಆತನಿಗೆ ಈ ಪುರಾವೆ ಸಿಕ್ಕಿದ್ದಾದರೂ ಎಲ್ಲಿ? ಇಸವಿ ಹಾಕಿಕೊಂಡು ಅಚ್ಚಾದ ಅಡುಗೆ ಪುಸ್ತಕಗಳಲ್ಲೇ.

ವೈನಿನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ, ಏಕೆಂದರೆ ಅಲ್ಲಿ ಪಾಕವಿಧಾನವೇ ಕಾನೂನಾಯಿತು. ಬರೋನ್ ಬೆತ್ತೀನೊ ರಿಕಾಸೊಲಿ ಇಟಲಿಯ ಪ್ರಧಾನಿಯಾಗಿದ್ದವನು. ಕಿಯಾಂತಿ ಸೀಮೆಯಲ್ಲಿ ದ್ರಾಕ್ಷಿ ತೋಟದ ಒಡೆಯ. 1872ರಲ್ಲಿ ಪೀಸಾದ ಪ್ರಾಧ್ಯಾಪಕರೊಬ್ಬರಿಗೆ ಬರೆದ ಕಾಗದದಲ್ಲಿ ತನ್ನ ವೈನಿನ ಹದ ವಿವರಿಸಿದ: ಮುಖ್ಯವಾಗಿ ಸಾಂಜೊವೇಸೆ ಎಂಬ ಕೆಂಪು ದ್ರಾಕ್ಷಿ, ಜೊತೆಗೆ ಕನಾಯೊಲೊ, ಮೃದುವಾಗಲೆಂದು ಸ್ವಲ್ಪ ಬಿಳಿಯ ಮಾಲ್ವಸೀಯ. ಬಹಳ ಕಾಲ ಇಡುವ ವೈನಿಗೆ ಆ ಬಿಳಿಯದನ್ನು ಬಿಡುವುದೇ ಮೇಲು ಎಂದೂ ಸೇರಿಸಿದ್ದ. 1963ರಲ್ಲಿ ಇಟಲಿ ವೈನಿನ ಮೂಲಪ್ರದೇಶದ ಕಾನೂನು ಮಾಡಿತು. 1967ರಲ್ಲಿ ಕಿಯಾಂತಿಯ ನಿಯಮ ಬಂದಾಗ ಬರೋನನ ಎಚ್ಚರಿಕೆಯ ಮಾತು ಬಿಟ್ಟುಹೋಗಿ, ನೂರಕ್ಕೆ 10ರಿಂದ 30 ಪಾಲು ಬಿಳಿ ದ್ರಾಕ್ಷಿ ಹಾಕಲೇಬೇಕು ಎಂದಾಯಿತು. ಇಂಥ ನಿಯಮಗಳ ಪರಿಣಾಮ ತಮಾಷೆಯದು. 1968ರ ಸಸ್ಸಿಕಾಯ, 1971ರ ತಿನ್ಯಾನೆಲ್ಲೊ ಮುಂತಾದ ಕಿಯಾಂತಿ ಇರುವ ತೊಸ್ಕಾನ ಪ್ರಾಂತದ ಒಳ್ಳೊಳ್ಳೆಯ ವೈನುಗಳು ನಿಯಮದ ಹೊರಗೆ ಬಿದ್ದು, ಅತ್ಯಂತ ಕೆಳದರ್ಜೆಯ ‘ಊಟದ ವೈನು’ ಎಂಬ ಚೀಟಿ ಅಂಟಿಸಿಕೊಂಡು ಮಾರಾಟವಾದವು. ಅವುಗಳ ಯೋಗ್ಯತೆಯನ್ನು ಓದುಗರಿಗೆ ತಿಳಿಸಿದ್ದು ವೈನಿನ ಪುಸ್ತಕ, ಕೈಪಿಡಿಗಳೇ ಹೊರತು ಸರ್ಕಾರಿ ಪಟ್ಟಿಯಲ್ಲ. ಕಿಯಾಂತಿಯ ತಿರುಳು ಸೀಮೆಯಾದ ಕಿಯಾಂತಿ ಕ್ಲಾಸಿಕೊದಲ್ಲಿ ಬಿಳಿ ದ್ರಾಕ್ಷಿಯನ್ನು ಪೂರ್ತಿ ನಿಷೇಧಿಸುವ ಹೊತ್ತಿಗೆ 2006 ಆಗಿತ್ತು. ಕಡ್ಡಾಯವಾಗಿದ್ದದ್ದು ನಲವತ್ತು ವರ್ಷದೊಳಗೆ ಅಪರಾಧವಾಯಿತು. ಅದೇ ಸಾಂಜೊವೇಸೆ ಈಗ ನಮ್ಮ ಹಂಪಿ ಸೀಮೆಯ ಬೆಟ್ಟಗಳ ಮಗ್ಗುಲಲ್ಲೂ ಬೆಳೆಯುತ್ತದೆ. ಅದಕ್ಕೆ ಬರೋನನ ಕಾಗದದ ಕಾಟವಿಲ್ಲ.

ನಿಯಮವೇ ಬೇಡವೆಂದರೆ ಕಲಬೆರಕೆಗೆ ಬಾಗಿಲು ತೆರೆದಂತಲ್ಲವೇ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. 1986ರಲ್ಲಿ ಇಟಲಿಯಲ್ಲಿ ಮೆಥನಾಲ್ ಬೆರೆಸಿದ ಅಗ್ಗದ ವೈನು ಕುಡಿದು ಇಪ್ಪತ್ತರ ಆಸುಪಾಸು ಜನ ಸತ್ತರು, ಕೆಲವರ ಕಣ್ಣು ಹೋಯಿತು. ಎಲ್ಲಿ ಬೆಳೆದದ್ದು, ಯಾರು ಮಾಡಿದ್ದು, ಒಳಗೆ ಏನಿದೆ ಎಂಬುದು ಕಾನೂನಿಗೆ ಸೇರಿದ ವಿಷಯ. ಅಲ್ಲಿ ಎಷ್ಟು ಬಿಗಿ ಇದ್ದರೂ ಕಡಿಮೆಯೇ. ರುಚಿಯ ಹದ ಮಾತ್ರ ಪುಸ್ತಕಕ್ಕೆ ಸೇರಿದ್ದು. ಪುಸ್ತಕ ತಪ್ಪಿದರೆ ಮುಂದಿನ ವರ್ಷ ತಿದ್ದಬಹುದು; ಕಾನೂನು ತಪ್ಪಿದರೆ ತೋಟವನ್ನೇ ಕಿತ್ತು ನೆಡಬೇಕು.

ಪುಸ್ತಕಗಳಿಗೂ ಪಕ್ಷಪಾತ ಉಂಟು, ನಿಜ. ಆರ್ತೂಸಿಯ ಅಡುಗೆಮನೆ ತೊಸ್ಕಾನ ಮತ್ತು ರೊಮಾನ್ಯದ ಉಳ್ಳವರದ್ದು. ದಕ್ಷಿಣ ಇಟಲಿಗೆ ಅಲ್ಲಿ ಸಿಕ್ಕ ಜಾಗ ಅಷ್ಟಕ್ಕಷ್ಟೆ. 1987ರಿಂದ ಬರುತ್ತಿರುವ ಗಂಬೆರೊ ರೊಸ್ಸೊ ವೈನ್ ಕೈಪಿಡಿಯಲ್ಲಿ ‘ಮೂರು ಲೋಟ’ದ ಅತ್ಯುನ್ನತ ದರ್ಜೆ ಗಿಟ್ಟಿಸಲೆಂದೇ ಎಲ್ಲರೂ ಒಂದೇ ರುಚಿಯ ವೈನು ಮಾಡತೊಡಗಿದರು ಎಂಬ ದೂರೂ ಇದೆ. ಇದಕ್ಕೆ ಮದ್ದು ಇನ್ನೊಂದು ಪುಸ್ತಕ. 2012ರಲ್ಲಿ ಜಾನ್ಸಿಸ್ ರಾಬಿನ್ಸನ್ ಮತ್ತು ಸಂಗಡಿಗರು ಹೊರತಂದ ದ್ರಾಕ್ಷಿ ಕೋಶದಲ್ಲಿರುವ 1,368 ತಳಿಗಳಲ್ಲಿ 377 ಇಟಲಿಯವು. ಎರಡು ವರ್ಷ ಬಿಟ್ಟು ಇಯಾನ್ ದಗಾಟ ಇಟಲಿಯ ದೇಸಿ ತಳಿಗಳ ಬಗ್ಗೆಯೇ ದಪ್ಪ ಗ್ರಂಥ ಬರೆದ. ಮೂರು ಲೋಟಗಳ ಪಟ್ಟಿಯೊಂದನ್ನೇ ನೋಡುವವರಿಗೆ ಈ ವೈವಿಧ್ಯದ ಅಂದಾಜು ಹತ್ತುವುದು ಕಷ್ಟ.

ಆದ್ದರಿಂದ ಇಂಥ ಪುಸ್ತಕ ಕೊಳ್ಳುವವರಿಗೆ ಒಂದು ಮಾತು. ಹೊಸ ಆವೃತ್ತಿ ತಂದ ಖುಷಿಯಲ್ಲಿ ಹಳೆಯದನ್ನು ರದ್ದಿಗೆ ಹಾಕಬೇಡಿ. 2009ಕ್ಕೆ ಮುಂಚಿನ ವೈನ್ ಪುಸ್ತಕಗಳಲ್ಲಿ ಪ್ರೊಸೆಕ್ಕೊ ಎಂದರೆ ಒಂದು ದ್ರಾಕ್ಷಿ. ಆ ವರ್ಷ ಕಾನೂನು ಬದಲಾಗಿ ಅದು ಒಂದು ಪ್ರದೇಶದ ಹೆಸರಾಯಿತು, ದ್ರಾಕ್ಷಿಗೆ ಗ್ಲೇರ ಎಂಬ ಹೆಸರು ಬಂತು. ಏನು ಬದಲಾಯಿತೆಂದು ತಿಳಿಯಲು ಎರಡೂ ಪುಸ್ತಕ ಬೇಕು. ಒಂದೇ ಕೊಳ್ಳುವಷ್ಟು ದುಡ್ಡಿದ್ದರೆ ಆರ್ತೂಸಿಯನ್ನೇ ಕೊಳ್ಳಿ, ಇಂಗ್ಲಿಷಿನಲ್ಲಿ ಸಿಗುತ್ತದೆ. ಮುನ್ನುಡಿ ಬಿಡದೆ ಓದಿ.