ಹಳಿಯ ದಾರಿ, ಹೆಜ್ಜೆಯ ದಾರಿ

ಬೆಂಗಳೂರಿನ ಪೂರ್ವಭಾಗದಲ್ಲಿ ಬೆಳೆದ ನನ್ನಂಥವರಿಗೆ ರೈಲು ಗಡಿಯಾರವೂ ಹೌದು, ಗೋಡೆಯೂ ಹೌದು. ಅದರ ಕೂಗಿನಿಂದ ಹೊತ್ತು ತಿಳಿಯುತ್ತದೆ. ಅದರ ಬೇಲಿಯಿಂದ ಹಾದಿ ತಪ್ಪುತ್ತದೆ. ದಂಡು ಸ್ಥಾಪನೆಯಾದದ್ದು 1809ರಲ್ಲಿ. ಜೋಲಾರಪೇಟೆಯ ಕಡೆಯಿಂದ ಮದರಾಸು ರೈಲ್ವೆ ಅಲ್ಲಿಗೆ ಬಂದು ಮುಟ್ಟಿದ್ದು 1864ರಲ್ಲಿ. ಅಂದಿನಿಂದ ಇಂದಿನವರೆಗೆ ಹಳಿಯ ಆಚೆ ಒಂದು ಊರು, ಈಚೆ ಒಂದು ಊರು. ಫ್ರೇಜರ್ ಟೌನಿನಿಂದ ಹಲಸೂರಿಗೆ ಹಕ್ಕಿ ಹಾರಿದರೆ ಎಷ್ಟು ಹತ್ತಿರ, ಮನುಷ್ಯ ನಡೆದರೆ ಎಷ್ಟು ದೂರ!

ನಮ್ಮ ದೊಡ್ಡಪ್ಪನವರು ರೈಲ್ವೆಯಲ್ಲಿ ಕೀಮ್ಯಾನ್ ಆಗಿದ್ದವರು. ಸುತ್ತಿಗೆ, ಸ್ಪ್ಯಾನರು ಹಿಡಿದು ದಿನವೂ ಹಳಿಯ ಗುಂಟ ನಡೆಯುವುದು, ಸಡಿಲವಾದುದನ್ನು ಬಿಗಿಮಾಡುವುದು ಅವರ ಕೆಲಸ. “ರಸ್ತೇಲಿ ನಡೆದ್ರೆ ಮೊಣಕಾಲು ನೋಯುತ್ತೆ ಕಣಪ್ಪ, ಲೈನ್ ಪಕ್ಕ ನಡೆದ್ರೆ ನೋಯಲ್ಲ” ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಆದರೆ ಮಾತಿನಲ್ಲಿ ಅರ್ಥವಿತ್ತು. ರೈಲಿಗೆ ಕಡಿದಾದ ಏರನ್ನು ಹತ್ತುವ ಶಕ್ತಿಯಿಲ್ಲ. ಅದಕ್ಕಾಗಿ ಎಂಜಿನಿಯರುಗಳು ದಿಣ್ಣೆಯನ್ನು ಕಡಿದು, ತಗ್ಗನ್ನು ತುಂಬಿ ದಾರಿ ಮಾಡುತ್ತಾರೆ. ಸಕಲೇಶಪುರ-ಸುಬ್ರಹ್ಮಣ್ಯ ಘಟ್ಟದಂಥ ಕಡಿದಾದ ಕಡೆಯಲ್ಲಿಯೂ 50 ಅಡಿ ಮುಂದೆ ಹೋದರೆ ಒಂದೇ ಅಡಿ ಏರು. ಇಂಜಿನ್ನಿಗಾಗಿ ಮಾಡಿದ ಈ ಉಪಚಾರ ಮುದುಕರಿಗೂ ಮಕ್ಕಳಿಗೂ ಸೈಕಲ್ಲಿನವರಿಗೂ ಗಾಲಿಕುರ್ಚಿಯವರಿಗೂ ಒದಗಿಬರುತ್ತದೆ. ರೈಲು ನಿಂತುಹೋದ ದಾರಿಯನ್ನು ಕಾಲುದಾರಿ ಮಾಡಬೇಕೆಂಬ ವಿಚಾರಕ್ಕೆ ಇದೇ ಬುನಾದಿ.

ಹೊರದೇಶಗಳಲ್ಲಿ ಇದು ನಡೆದಿದೆ. ಪ್ಯಾರಿಸ್ ನಗರ ಹಳೆಯ ರೈಲು ಸೇತುವೆಯ ಮೇಲೆ ತೋಟ ಬೆಳೆಸಿ 1993ರಲ್ಲಿ ಜನರಿಗೆ ಬಿಟ್ಟುಕೊಟ್ಟಿತು. ನ್ಯೂಯಾರ್ಕಿನಲ್ಲಿ 1980ರಲ್ಲಿ ನಿಂತ ಗೂಡ್ಸ್ ರೈಲಿನ ಎತ್ತರದ ಹಳಿಯ ಮೇಲೆ 2009ರಿಂದ ಜನ ನಡೆಯುತ್ತಿದ್ದಾರೆ. ಸಿಂಗಪುರದಲ್ಲಿ 2011ರಲ್ಲಿ ಮಲಯಾ ರೈಲು ನಿಂತಾಗ ಉಳಿದ 24 ಕಿಲೋಮೀಟರು ನೆಲವನ್ನು ತುಂಡುಮಾಡಿ ಮಾರದೆ ನಡೆದಾಡುವ ಹಸಿರು ಪಟ್ಟಿಯಾಗಿ ಉಳಿಸಿಕೊಂಡರು.

ನಮ್ಮ ನಾಡಿನಲ್ಲಿಯೂ ಇಂಥದೊಂದು ತಾನೇ ತಾನಾಗಿ ಆಯಿತು. ಸಕಲೇಶಪುರದ ಘಟ್ಟದ ಹಳಿಯನ್ನು ಬ್ರಾಡ್‌ಗೇಜ್ ಮಾಡಲು 1996ರಲ್ಲಿ ರೈಲು ನಿಲ್ಲಿಸಿದರು. ಸುಮಾರು ಹತ್ತು ವರ್ಷ ಆ ಸುರಂಗ, ಸೇತುವೆಗಳ ದಾರಿ ಚಾರಣಿಗರದಾಯಿತು. 2006ರಲ್ಲಿ ಗೂಡ್ಸ್ ಬಂತು, 2007ರಲ್ಲಿ ಪ್ರಯಾಣಿಕರ ರೈಲೂ ಬಂತು. ಈಗ ಅಲ್ಲಿ ನಡೆಯುವುದು ಅಪಾಯ, ಅಪರಾಧ ಕೂಡ. 1989ರ ರೈಲ್ವೆ ಕಾಯಿದೆಯ 147ನೆಯ ಕಲಮಿನಂತೆ ಆರು ತಿಂಗಳವರೆಗೆ ಸೆರೆ ಅಥವಾ ಸಾವಿರ ರೂಪಾಯಿವರೆಗೆ ದಂಡ ಆಗಬಹುದು. ಇದರಿಂದ ನಾನು ಕಲಿತ ಪಾಠ ಬೇರೆ: ದಾರಿ ತುಂಡಾಗದೆ ಉಳಿದದ್ದರಿಂದ ರೈಲು ಮರಳಿ ಬಂದಿತು. ಅಮೆರಿಕದವರು 1983ರಲ್ಲಿ ಇದನ್ನೇ ಕಾನೂನು ಮಾಡಿದರು. ನಿಂತ ಲೈನು ಕಾಲುದಾರಿಯಾಗಿರಲಿ. ಬೇಕಾದ ದಿನ ಮತ್ತೆ ಹಳಿ ಹಾಕೋಣ. ಮನೆ ಕಟ್ಟಿದ ನೆಲ ಮರಳಿ ಬಾರದು. ನಡೆದ ನೆಲ ಮರಳಿ ಬರುತ್ತದೆ.

ಇನ್ನು ನಮ್ಮ ಪೂರ್ವಭಾಗದ ಮಾತು. ಇಲ್ಲಿ ಮುಖ್ಯ ಲೈನು ಹಳೆಯದಾದರೂ ಸತ್ತಿಲ್ಲ. ದಂಡಿನಿಂದ ಬೈಯಪ್ಪನಹಳ್ಳಿ, ಕೃಷ್ಣರಾಜಪುರ, ವೈಟ್‌ಫೀಲ್ಡುಗಳವರೆಗೆ ಹಳಿಗಳನ್ನು ನಾಲ್ಕಾಗಿಸುವ ಕೆಲಸ ಕೈಗೊಂಡಿದ್ದಾರೆ. ಅದನ್ನು ನಮಗೆ ಕೊಡಿರೆಂದು ಯಾರೂ ಕೇಳಲಾರರು, ಕೇಳಲೂಬಾರದು. ಆದರೆ ಹಳಿಯ ಸುತ್ತ ಹಳೆಯ ಕಾಲೋನಿಗಳಿವೆ, ಮರಗಳಿವೆ. 2025ರಲ್ಲಿ ದಂಡು ನಿಲ್ದಾಣದ ಹತ್ತಿರದ ರೈಲ್ವೆ ಕಾಲೋನಿಯ 8.61 ಎಕರೆಯಲ್ಲಿ ಕಟ್ಟಡಕ್ಕಾಗಿ 368 ಮರ ಕಡಿಯುವ ಪ್ರಸ್ತಾಪ ಬಂದಾಗ ನಾಗರಿಕರು ಎದ್ದುನಿಂತರು. ಆ ನೆಲವನ್ನು ಜೀವವೈವಿಧ್ಯದ ಪಾರಂಪರಿಕ ತಾಣವೆಂದು ಘೋಷಿಸುವತ್ತ ರಾಜ್ಯ ಸರ್ಕಾರ ಹೆಜ್ಜೆಯಿಟ್ಟಿತು. ರೈಲಿನವರ ವಾದದಲ್ಲಿಯೂ ತೂಕವಿಲ್ಲವೆನ್ನಲಾಗದು. ನಿಲ್ದಾಣಗಳ ಏಳಿಗೆಗೆ ಹಣ ಬೇಕು, ನೆಲದಿಂದ ಹಣ ಹುಟ್ಟುತ್ತದೆ. ಆದರೆ ಶಿವಾಜಿನಗರದ ಇಕ್ಕಟ್ಟಿನ ಮನೆಯ ಮಗುವಿಗೆ ಓಡಲು ಇರುವ ಜಾಗವೆಷ್ಟು ಎಂಬ ಲೆಕ್ಕವನ್ನೂ ಅದೇ ಪುಸ್ತಕದಲ್ಲಿ ಬರೆಯಬೇಕಲ್ಲವೆ?

ಒಂದು ಎಚ್ಚರಿಕೆಯೂ ಬೇಕು. ನ್ಯೂಯಾರ್ಕಿನಲ್ಲಿ ಆ ತೋಟ ಬಂದ ಮೇಲೆ ಸುತ್ತಲಿನ ಬಾಡಿಗೆ ಏರಿತು. ಬಡವರಿಗೆ ಅಲ್ಲಿ ಬಾಳುವುದು ಕಷ್ಟವಾಯಿತು. ಹಲಸೂರಿನಲ್ಲಿಯೋ ಮಾರುತಿ ಸೇವಾನಗರದಲ್ಲಿಯೋ ಹಾಗಾದರೆ ಚೆಂದದ ದಾರಿ ಇರುತ್ತದೆ, ನಡೆಯಬೇಕಾದವರು ಇರುವುದಿಲ್ಲ. ಆದ್ದರಿಂದ ಅಲಂಕಾರ ಕಡಿಮೆಯಿರಲಿ. ಮಣ್ಣಿನ ದಾರಿ, ದೀಪ, ಕುಡಿಯುವ ನೀರು, ಹೆಣ್ಣುಮಕ್ಕಳು ಹೊತ್ತು ಮುಳುಗಿದ ಮೇಲೂ ನಿರ್ಭಯವಾಗಿ ನಡೆಯುವಂಥ ಕಾವಲು, ಇಷ್ಟು ಸಾಕು. ಹೂ ಮಾರುವವರನ್ನೂ ಕಡಲೆಕಾಯಿ ಮಾರುವವರನ್ನೂ ಓಡಿಸಬಾರದು.

ನಾಲ್ಕು ಹಳಿ ಹಾಕುವವರು ಬೇಲಿಯ ಹೊರಗೆ, ಜಾಗವಿದ್ದ ಕಡೆ, ಐದನೆಯದಾಗಿ ಒಂದು ಕಾಲುದಾರಿಯನ್ನು ನಕ್ಷೆಯಲ್ಲಿ ಎಳೆಯಲಿ. ಹಳಿ ದಾಟಲು ಹೋಗಿ ಪ್ರಾಣ ಕಳೆದುಕೊಳ್ಳುವ ಜನಕ್ಕೆ ಮೇಲುಸೇತುವೆಯೊಂದಿಗೆ ಈ ದಾರಿಯೂ ದೊರೆತರೆ ಅರ್ಧ ಅಪಾಯ ತಪ್ಪೀತು. ಕಾಲೇಜು ಬಿಟ್ಟ ನಾವು ಮುಂದೆ ಯಾವ ಯಾವ ಕಚೇರಿಯ ಮೇಜಿನ ಮುಂದೆ ಕೂರುತ್ತೇವೋ ಬಲ್ಲವರಾರು? ರೈಲ್ವೆ ನೆಲದ ಕಡತವೊಂದು ನಮ್ಮಲ್ಲಿ ಯಾರ ಕೈಗಾದರೂ ಬಂದರೆ, ಅದರಲ್ಲಿ ಮಾರಾಟದ ಬೆಲೆಯ ಜೊತೆಗೆ ನಡೆಯುವ ಕಾಲುಗಳ ಎಣಿಕೆಯೂ ಸೇರಲಿ.